ಕಿರಣನ ಪಾಲು

ಬಸವಕಲ್ಯಾಣ
೨೭ ಡಿಸೆಂಬರ್ ೨೦೦೩, ಶನಿವಾರ

ಸ್ನೇಹಲಳ ಪಪ್ಪಾ ಅವರಿಗೆ ಪೂನಂ ಮಾಡುವ ನಮಸ್ಕಾರ.

ನಿಮ್ಮ ಆರೋಗ್ಯ ಹೇಗಿದೆ? ರಾಜಸ್ಥಾನದಲ್ಲಿ ಈಗ ಚಳಿ ಬಹಳ ಎಂದು ನಿಮ್ಮ ಕ್ಯಾಂಪಿನ ಪಾಂಡುರಂಗ ಹೇಳಿದ. ಬೆಳಗಿನ ಪಾಳಿಯಲ್ಲಿ ರಸ್ತೆ ರೋಲರ್ ಮೇಲೆ ಕೂಡುವಾಗ ಕಿವಿಗೆ ಮಫ್ಲರ್ ಕಟ್ಟಿಕೊಳ್ಳಿ, ಕಳೆದ ವರ್ಷ ಹೆಣೆದು ಕೊಟ್ಟದ್ದು ಟ್ರಂಕಿನಲ್ಲೇ ಇರಬೇಕು. ನಿಮ್ಮ ಹಿಂದಿನ ಎರಡು ಪತ್ರಗಳೂ ನಾಲ್ಕು ಸಾಲಿನವು. ನಿದ್ದೆ ಬರುವುದಿಲ್ಲ, ಯಾವುದರಲ್ಲಿಯೂ ಮನಸ್ಸಿಲ್ಲ ಎಂದು ಒಂದರಲ್ಲಿ ಬರೆದಿದ್ದಿರಿ. ಅವ್ವನನ್ನು ಹೈದರಾಬಾದಿಗೆ ಒಯ್ಯುತ್ತೇವೆಂದು ಹೊರಟು ಅರ್ಧ ದಾರಿಯಿಂದ ಯಾಕೆ ತಿರುಗಿ ಬಂದಿರಿ, ಸಂಕ್ರಾಂತಿಗೆ ನಾನೇ ಬಂದು ಹುಚ್ಚರ ಆಸ್ಪತ್ರೆಗೆ ಭರ್ತಿ ಮಾಡುತ್ತೇನೆ ಎಂದು ಇನ್ನೊಂದರಲ್ಲಿ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ಎಸ್‌ಟಿಡಿ ಬೂತಿನಲ್ಲಿ ಮೀಟರ್ ಓಡುತ್ತಿರುತ್ತದೆ, ಹಿಂದೆ ನಿಂತವರು ಕೆಮ್ಮುತ್ತಿರುತ್ತಾರೆ, ಹುಮನಾಬಾದಿಗೆ ಹೋಗಿ ಬಂದೆವು ಎನ್ನುವಷ್ಟರಲ್ಲಿ ಮಾತು ಮುಗಿಯುತ್ತದೆ. ಪಾಂಡುರಂಗ ರಜೆ ಮುಗಿಸಿ ಇಂದು ಸಂಜೆ ತನ್ನ ಊರು ರಾಜೇಶ್ವರದಿಂದ ಹೊರಡುತ್ತಾನೆ. ಹೋಗುವ ಮುಂಚೆ ಇಲ್ಲಿಗೆ ಬಂದು ಪತ್ರ ಒಯ್ಯುತ್ತೇನೆ ಎಂದಿದ್ದಾನೆ. ಅಷ್ಟರೊಳಗೆ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ಓದಿದ ಮೇಲೆ ಭರ್ತಿ ಮಾಡುವ ಮಾತು ನೀವೇ ವಿಚಾರ ಮಾಡಿ.

ನಿಮ್ಮ ತಮ್ಮ ಕಿರಣನ ದಿವಸದ ಕಾರ್ಯ ಮುಗಿದ ಸಂಜೆ ನಿಮಗೆ ನೆನಪಿರಬೇಕು. ಬಂದವರೆಲ್ಲ ಹೋಗಿದ್ದರು. ಅತ್ತೆಯ ದೊಡ್ಡಕ್ಕ ಕೇಶರಬಾಯಿ ಅಂಗಳದಲ್ಲಿ ಕೂತು, ನಮ್ಮ ತವರಿನ ಪದ್ಧತಿ ಹೀಗಿದೆ ಎಂದು ಹೇಳಿದರು. ಹೋದ ಜೀವಕ್ಕೆ ಇಷ್ಟವಾದ ಒಂದು ಪದಾರ್ಥವನ್ನು ಮನೆಯವರು ವರ್ಷದ ಕಾರ್ಯದ ತನಕ ಬಾಯಿಗೆ ಹಾಕಬಾರದು. ನೀವೂ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದಿರಿ. ಅತ್ತೆ ಆಗಲೇ ಮೊಸರು ಬಿಟ್ಟೆ ಎಂದರು. ಕಿರಣ ಪ್ರತಿಯೊಂದಕ್ಕೂ ಮೊಸರು ಸುರಿದುಕೊಳ್ಳುವವನು, ಹುಗ್ಗಿಗೆ ಕೂಡ. ಕೇಶರಬಾಯಿ, ಅಷ್ಟು ಸಾಕು, ಒಂದೇ ಬಿಡುವುದು ಎಂದು ಒತ್ತಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಮರುದಿನ ನೀವು ಕೆಲಸಕ್ಕೆ ಹೊರಟುಹೋದಿರಿ, ಅವರು ತಮ್ಮ ಊರಿಗೆ ಹೋದರು.

ಒಂದಕ್ಕೆ ಅದು ನಿಲ್ಲಲಿಲ್ಲ. ನಿಮ್ಮ ತಮ್ಮನಿಗೆ ಬೇಡವೆಂಬ ಪದಾರ್ಥ ಯಾವುದಿತ್ತು ಹೇಳಿ. ಆಟೋನಗರದಲ್ಲಿ ಇಡೀ ದಿನ ಲಾರಿಗಳ ಕೆಳಗೆ ಮಲಗಿ ವೆಲ್ಡಿಂಗ್ ಮಾಡಿ ಬರುವ ಹುಡುಗ, ವೈನಿ, ಏನರ ಕೊಡು, ಕಲ್ಲಿದ್ದರೂ ಕೊಡು ಎಂದು ಒಲೆಯ ಮುಂದೆಯೇ ಕೂಡುತ್ತಿದ್ದ. ಒಂದು ದಿನ ನಾನು ಪುಂಡಿಪಲ್ಯ ಮಾಡಿದೆ. ಅತ್ತೆ ತಟ್ಟೆ ನೋಡಿ, ಇದೂ ಅವನಿಗೆ ಸೇರುತ್ತಿತ್ತಲ್ಲ ಎಂದು ಪಕ್ಕಕ್ಕೆ ಸರಿಸಿದರು. ಅಲ್ಲಿಂದ ಪುಂಡಿಪಲ್ಯ ಹೋಯಿತು. ಶೇಂಗಾಕ್ಕೆ ಬೆಳ್ಳುಳ್ಳಿ, ಖಾರ ಹಾಕಿ ಹಿಂಡಿ ಕುಟ್ಟುವಾಗ ಅವನು ಒರಳಿನಿಂದಲೇ ತೆಗೆದು ತಿನ್ನುತ್ತಿದ್ದದ್ದು ನೆನಪಾಗಿ ಹಿಂಡಿ ಹೋಯಿತು. ಹಾಲು ಹೋಯಿತು, ಚಹಾ ಕರಿಯಾಯಿತು. ಶ್ರಾವಣದ ಹೊತ್ತಿಗೆ ಬೇಳೆ, ಮೆಂತ್ಯೆ, ಝುಣಕ, ಬೆಲ್ಲ ಎಲ್ಲವೂ ಹೋಗಿ ಕೊನೆಗೆ ಜೋಳದ ರೊಟ್ಟಿಯೂ ಹೋಯಿತು. ಬಿಸಿ ರೊಟ್ಟಿ ಅವನದೇ ಎಂದರು. ಒಂದೊಂದು ನೆನಪು ಬಂದಾಗ ಒಂದೊಂದು ಪದಾರ್ಥ ತಟ್ಟೆಯಿಂದ ಇಳಿಯಿತು. ಉಳಿದದ್ದು ಕರಿ ಚಹಾ, ಅದರಲ್ಲಿ ಅದ್ದುವ ಟೋಸ್ಟ್, ಹೊತ್ತಿಗೊಂದು ಮುಷ್ಟಿ ಬಿಳಿ ಅನ್ನ, ಉಪ್ಪು.

ನಾವು ಯಾರೂ ತಡೆಯಲಿಲ್ಲ. ತಡೆಯುವುದು ಹೇಗೆ? ಮಾತಾಡಿಸಲು ಬಂದ ಹೆಂಗಸರೆಲ್ಲ ತಾಯಿ ಅಂದರೆ ಹೀಗಿರಬೇಕು ಎಂದು ಹೊಗಳಿ ಹೋಗುತ್ತಿದ್ದರು. ಅವರ ಎದುರು ಬೇಳೆ ಕುದಿಸಲು ನನಗೆ ನಾಚಿಕೆ. ಮನೆಯಲ್ಲಿ ಒಗ್ಗರಣೆಯ ಸಪ್ಪಳ ಕೇಳದೆ ಎಷ್ಟೋ ದಿನವಾಯಿತು. ನಾನೂ ಸ್ನೇಹಲಳೂ ಹಿಂದಿನ ಖೋಲಿಯಲ್ಲಿ ಕಳ್ಳರಂತೆ ಉಣ್ಣುತ್ತಿದ್ದೆವು. ಮಾವ ಮಂಠಾಳದ ಹೊಲಕ್ಕೆ ಹೋಗಿ ಬರುತ್ತೇನೆ ಎಂದು ಹೊರಟು ಬಸ್ ನಿಲ್ದಾಣದ ಹೋಟೆಲಿನಲ್ಲಿ ಮಿರ್ಚಿ ಭಜಿ ತಿಂದು ಬರುತ್ತಿದ್ದರು. ಮೀಸೆಗೆ ಎಣ್ಣೆ ಹತ್ತಿರುತ್ತಿತ್ತು, ನಾನು ನೋಡದವಳಂತೆ ಟವೆಲ್ ಕೊಡುತ್ತಿದ್ದೆ.

ಭಾದ್ರಪದದಿಂದ ಅತ್ತೆಯ ಸ್ವಭಾವ ತಿರುಗಿತು. ಮೊದಲು ಮಾತು ಕಡಿಮೆಯಾಯಿತು. ಮಗನನ್ನು ಕಳೆದುಕೊಂಡವರು ಮತ್ತೇನು ಮಾತಾಡುತ್ತಾರೆ ಎಂದುಕೊಂಡೆವು. ಆಮೇಲೆ ಮರೆವು ಬಂತು. ಒಲೆ ಹಚ್ಚಿ ಬಿಟ್ಟು ಹೋಗುವರು, ಮಾವನನ್ನೇ ನೋಡಿ ಇವರು ಯಾರು ಎಂದು ಕೇಳುವರು. ಕಾಲಿನಲ್ಲಿ ಇರುವೆ ಹರಿದ ಹಾಗೆ ಆಗುತ್ತದೆ ಎಂದು ಜಾಡಿಸುವರು. ನಿದ್ದೆ ಇಲ್ಲ. ಒಂದು ಹನಿ ಕಣ್ಣೀರೂ ಇಲ್ಲ, ಅದೇ ನನಗೆ ಹೆಚ್ಚು ಹೆದರಿಕೆ. ಸೊಸೆ ಮನೆಯ ಸಾಮಾನು ಮಾರುತ್ತಾಳೆ ಎಂದು ಬಂದವರಿಗೆಲ್ಲ ಹೇಳತೊಡಗಿದರು. ಅದನ್ನು ತಡೆದುಕೊಂಡೆ. ಆದರೆ ಒಂದು ಮಧ್ಯಾಹ್ನ ಸ್ನೇಹಲ್ ಶಾಲೆಯಿಂದ ಬಂದು ರೊಟ್ಟಿಗೆ ಹಿಂಡಿ ಹಚ್ಚಿಕೊಂಡು ತಿನ್ನುವಾಗ ಅತ್ತೆ ಹಿಂದಿನ ಖೋಲಿಗೆ ಬಂದರು. ಕೈಯಿಂದ ತಟ್ಟೆ ಕಸಿದು ಅಂಗಳಕ್ಕೆ ಎಸೆದು, "ನನ್ನ ಮಗನ ಊಟ ನೀ ಯಾಕ ಉಣ್ಣಾಕತ್ತಿ?" ಎಂದರು. ತಟ್ಟೆಯ ಅಂಚು ತಾಗಿ ಹುಡುಗಿಯ ತುಟಿ ಹರಿಯಿತು. ಮೊಮ್ಮಗಳಿಗೆ ಬಾಯಲ್ಲಿ ತುತ್ತು ಇಡುತ್ತಿದ್ದ ಕೈ ಅದು. ನಾನು ಮರುದಿನವೇ ಸ್ನೇಹಲಳನ್ನು ಮಾಣಿಕನಗರಕ್ಕೆ ನಮ್ಮ ಅವ್ವನ ಹತ್ತಿರ ಬಿಟ್ಟು ಬಂದೆ. ತುಟಿಯ ವಿಷಯ ನಿಮಗೆ ಹೇಳಿರಲಿಲ್ಲ, ಗಾಬರಿಯಾಗುತ್ತೀರಿ ಎಂದು. ಈಗ ಗುರುತೂ ಉಳಿದಿಲ್ಲ.

ಆಗಲೇ ನೀವು ತಲೆಯ ಡಾಕ್ಟರರಿಗೆ ತೋರಿಸಲು ಹೈದರಾಬಾದಿಗೆ ಒಯ್ಯಿರಿ ಎಂದು ಬರೆದದ್ದು. ಮೂರನೇ ದಿನ ಮಾವ ಹೂಂ ಎಂದರು. ದೀಪಾವಳಿ ಮುಗಿಸಿಕೊಂಡು ಹೊರಟೆವು. ಹುಮನಾಬಾದಿನಲ್ಲಿ ಬಸ್ಸು ಬದಲಿಸಬೇಕಲ್ಲ, ಸ್ನೇಹಲಳನ್ನು ನೋಡಿಕೊಂಡು ಮುಂದೆ ಹೋಗೋಣವೆಂದು ನಮ್ಮ ಅವ್ವ ಸಖುಬಾಯಿಗೆ ಬಸ್ ನಿಲ್ದಾಣಕ್ಕೆ ಬರಲು ಹೇಳಿದ್ದೆ. ಬಸ್ಸಿನಿಂದ ಇಳಿಯುವಾಗ ಅತ್ತೆ ಮೆಟ್ಟಿಲ ಮೇಲೆಯೇ ಕುಸಿದರು. ಆಟೋದಲ್ಲಿ ಹಾಕಿಕೊಂಡು ಮಾಣಿಕನಗರದ ರಸ್ತೆಯಲ್ಲಿ ಹೊಸದಾಗಿ ತೆರೆದ ಒಂದು ದವಾಖಾನೆಗೆ ಒಯ್ದೆವು. ಅಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಮಾವ ಹೈದರಾಬಾದಿನ ವಿಷಯ ಹೇಳಲು ಶುರು ಮಾಡಿದರು. ಆಕೆ ಕೇಳುತ್ತಲೇ ಅತ್ತೆಯ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರು, ನಾಲಿಗೆ ತೋರಿಸಲು ಹೇಳಿದರು. ಕಣ್ಣಿನೊಳಗೆ ಕೆಂಪೇ ಇರಲಿಲ್ಲ. ನಾಲಿಗೆ ಮಾತ್ರ ಕೆಂಪಗೆ, ತೊಳೆದ ಕಲ್ಲಿನ ಹಾಗೆ ನುಣ್ಣಗೆ ಇತ್ತು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ನಿನ್ನೆ ಇವರು ಏನ್ ಉಂಡಾರ?"

ಮಾವ ನನ್ನ ಮುಖ ನೋಡಿದರು. ನನಗೆ ರಾತ್ರಿ ಎರಡು ಸಾಲು ಬರೆದಿಡುವ ಚಾಳಿ ಇದೆ, ನಿಮಗೆ ಗೊತ್ತು. ಯಾರು ಬಂದರು, ಅತ್ತೆ ಯಾರಿಗೆ ಏನಂದರು, ಎಷ್ಟು ಹೊತ್ತಿನ ತನಕ ಎದ್ದು ಕೂತಿದ್ದರು, ಎಲ್ಲ ಬರೆದಿದ್ದೆ. ಏನು ಉಂಡರು ಎಂದು ಎಲ್ಲಿಯೂ ಬರೆದಿರಲಿಲ್ಲ. ಚಹಾ, ಟೋಸ್ಟ್ ಎಂದೆ. ಮೊನ್ನೆ ಎಂದು ಕೇಳಿದರು. ಅದೇ ಎಂದೆ. ನಮ್ಮ ಅವ್ವ ಬಾಗಿಲಲ್ಲಿ ನಿಂತವಳು ತಡೆದುಕೊಳ್ಳಲಿಲ್ಲ, ಅವಳ ಬಾಯಿ ನಿಮಗೆ ಗೊತ್ತಿದ್ದದ್ದೇ. "ಬೀಗರ, ನಿಮ್ಮ ಎಮ್ಮಿ ಒಂದ್ ಹೊತ್ತು ಮೇವು ಬಿಟ್ರ ಡಾಕ್ಟರ್‌ನ ಮನಿ ಬಾಗಲಾ ಬಡೀತೀರಿ. ಬೀಗತಿ ಆರು ತಿಂಗಳಿಂದ ಬಿಟ್ಟಾಳ, ನಿಮಗ ತಿಳೀಲಿಲ್ಲೇನ್ರಿ?" ಎಂದಳು. ಮಾವ ತಲೆ ತಗ್ಗಿಸಿದರು. ನನ್ನ ತಲೆಯೂ ತಗ್ಗಿತು.

ರಕ್ತ ತೆಗೆದು ನೋಡಿದರೆ ಇರಬೇಕಾದ್ದರ ಅರ್ಧದಷ್ಟೂ ಇರಲಿಲ್ಲ. ಡಾಕ್ಟರಮ್ಮ ನಮಗೆ ತಿಳಿಯುವ ಹಾಗೆ ಹೇಳಿದರು. ಇವರಿಗೆ ಮೊದಲಿನಿಂದಲೂ ರಕ್ತ ಕಡಿಮೆ ಇದ್ದಿರಬೇಕು, ಎಲ್ಲರಿಗೂ ಬಡಿಸಿ ಕಡೆಗೆ ಉಳಿದದ್ದು ತಿಂದವರು. ಹಾಲು ಮೊಸರಿನಲ್ಲಿ ಇರುವ ಒಂದು ಸತ್ವ ಮಿದುಳಿಗೂ ನರಗಳಿಗೂ ಬೇಕು, ಬರೀ ಕಾಯಿಪಲ್ಯ ತಿನ್ನುವ ಮನೆಯವರಿಗೆ ಅದು ಹಾಲು ಮೊಸರಿನಿಂದಲೇ ಸಿಗಬೇಕು. ಸೊಪ್ಪು, ಬೇಳೆ, ಬೆಲ್ಲ ಬಿಟ್ಟರೆ ರಕ್ತ ಇನ್ನೂ ಇಳಿಯುತ್ತದೆ. ಮರೆವು, ಸಿಟ್ಟು, ಸಂಶಯ, ಕಾಲು ಜುಮುಜುಮು, ನಿದ್ದೆ ಇಲ್ಲದಿರುವುದು, ಇವೆಲ್ಲ ಅದರಿಂದಲೂ ಬರುತ್ತವೆ. ದುಃಖಕ್ಕೆ ನನ್ನ ಹತ್ತಿರ ಸೂಜಿ ಇಲ್ಲ, ಆದರೆ ನೀವು ಹುಚ್ಚು ಎನ್ನುವುದರಲ್ಲಿ ಎಷ್ಟು ದುಃಖ, ಎಷ್ಟು ಹಸಿವು ಎಂದು ಮೊದಲು ನೋಡೋಣ ಎಂದರು. ಎರಡು ತಿಂಗಳಾದರೂ ಹೀಗೇ ಇದ್ದರೆ ಹೈದರಾಬಾದಿಗೆ ಒಯ್ಯಿರಿ, ತಲೆಯ ಡಾಕ್ಟರರ ಹತ್ತಿರ ಹೋಗುವುದು ನಾಚಿಕೆಯ ಮಾತಲ್ಲ, ನಾನೇ ಚೀಟಿ ಬರೆದು ಕೊಡುತ್ತೇನೆ ಎಂದೂ ಹೇಳಿದರು. ಸೂಜಿ, ಗುಳಿಗೆ ಬರೆದುಕೊಟ್ಟರು. ಸೂಜಿ ಊಟದ ಬದಲಿ ಅಲ್ಲ, ಇವರು ಉಣ್ಣಬೇಕು ಎಂದು ನನ್ನ ಕೈ ಹಿಡಿದು ಹೇಳಿದರು. ಹೀಗೆ ನಾವು ಅರ್ಧ ದಾರಿಯಿಂದ ತಿರುಗಿ ಬಂದೆವು.

ಸೂಜಿ ಶುರುವಾದ ಮೇಲೆ ಅತ್ತೆ ಸ್ವಲ್ಪ ಮಲಗಿದರು. ಮಾವನನ್ನು ಗುರುತಿಸಿ ಬೈದರು, ಅದೇ ನಮಗೆ ಹಬ್ಬ. ಆದರೆ ಊಟಕ್ಕೆ ಮಾತ್ರ ಬಗ್ಗಲಿಲ್ಲ. ಸೂಜಿ ಚುಚ್ಚಿಸಿಕೊಳ್ಳುತ್ತೇನೆ, ಅದೇನು ಬಾಯಿಗೆ ಹಾಕುವುದಲ್ಲ, ನೇಮಕ್ಕೆ ಭಂಗವಿಲ್ಲ ಎಂಬುದು ಅವರ ಲೆಕ್ಕ. ಬೇಳೆಯ ಬಟ್ಟಲು ಹಿಡಿದು ನಾನು ಕಣ್ಣೀರು ಹಾಕಿದೆ, ಮಾವ ಬೈದರು. ಕೇಶರಬಾಯಿಯನ್ನೇ ಕರೆಸಿ ಒಂದೇ ಬಿಡಬೇಕಾದದ್ದು ಎಂದು ಹೇಳಿಸಿದೆವು. ಬಿಟ್ಟದ್ದನ್ನು ಮತ್ತೆ ಹಿಡಿದರೆ ಅವನಿಗೆ ಮುಟ್ಟುವುದಿಲ್ಲ ಎಂದು ಅತ್ತೆ ಮುಖ ತಿರುಗಿಸಿದರು. ಕೇಶರಬಾಯಿ ತಮ್ಮ ಬಾಯಿಯನ್ನೇ ಬಡಿದುಕೊಂಡು ಊರಿಗೆ ಹೋದರು.

ಅಷ್ಟರಲ್ಲಿ ರಂಜಾನ್ ಬಂತು. ಮಗ್ಗುಲ ಮನೆಯ ಬಿಸ್ಮಿಲ್ಲಾ ಬೀ ಪ್ರತಿ ವರ್ಷದ ಹಾಗೆ ಹಾಲು ಶಾವಿಗೆಯ ಶೀರ್ ಖುರ್ಮಾ ತಂದರು. ಒಂದು ಡಬರಿ ಮನೆಗೆ, ಮೇಲೆ ಒಂದು ದೊಡ್ಡ ಬಟ್ಟಲು ಕಿರಣನಿಗೆ. ಹತ್ತು ವರ್ಷದ ಹುಡುಗನಿದ್ದಾಗಿನಿಂದ ಅವನ ಬಟ್ಟಲು ಬೇರೆ, ಗೋಡಂಬಿ ಹೆಚ್ಚು. ಈ ವರ್ಷವೂ ಎರಡು ಪಾತ್ರೆ ತಂದಿದ್ದರು. ಆಕೆ ಅತ್ತೆಯ ಎದುರು ಕೂತು, ಆ ಬಟ್ಟಲನ್ನು ನಡುವೆ ಇಟ್ಟರು. ಆಮೇಲೆ ಬಿಸ್ಮಿಲ್ಲಾ ಬೀ ಮೆಲ್ಲಗೆ ಹೇಳಿದರು. "ಮೀರಾಬಾಯಿ, ಕೈ ತಪ್ಪಿ ಅವಂದೂ ಹಿಸ್ಸಾ ತೆಗ್ದೀನಿ. ಅವ ತಿನ್ನೋದೆಲ್ಲಾ ನೀ ಬಿಟ್ಟಿ. ಹಂಗಾರ ಅವನ ಹಿಸ್ಸಾ ಯಾರ್ ತಿನ್ನಬೇಕು? ಮೋರಿಗಿ ಚೆಲ್ಲಿ ಬರಲೇನು?"

ಅತ್ತೆ ಅನ್ನದ ಒಂದು ಅಗುಳು ಚೆಲ್ಲಿದವರಲ್ಲ, ನಿಮಗೆ ಗೊತ್ತು. ಬಟ್ಟಲನ್ನು ನೋಡುತ್ತಾ ಕೂತರು. ನಂತರ ತಮ್ಮ ಕಡೆಗೆ ಎಳೆದುಕೊಂಡು, ಚಮಚ ಬೇಡವೆಂದು, ಬೆರಳಿನಿಂದಲೇ ತಿಂದರು. ಪೂರ್ತಿ ತಿಂದರು. ಬಟ್ಟಲು ತೊಳೆದು ಕೊಡಲು ತಾವೇ ಎದ್ದರು. ಬಚ್ಚಲಿನಲ್ಲಿ ನೀರಿನ ಸಪ್ಪಳ ನಿಂತ ಮೇಲೂ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದರು. ಎಂಟು ತಿಂಗಳಲ್ಲಿ ಅದು ಮೊದಲ ಅಳು. ಅಳಲು ಕೂಡ ಹೊಟ್ಟೆಯಲ್ಲಿ ಏನಾದರೂ ಬೇಕು ಎಂದು ನನಗೆ ಆಗ ಅನಿಸಿತು. ಬಿಸ್ಮಿಲ್ಲಾ ಬೀ ನನ್ನನ್ನು ತಡೆದರು, ಅಳಲಿ ಬಿಡು ಎಂದರು.

ಮರುದಿನ ಅತ್ತೆ ತಮ್ಮ ಮುಷ್ಟಿ ಅನ್ನ ಉಂಡು ಮುಗಿಸಿ, ಕಿರಣಂದು ಹಾಕು ಎಂದರು. ಒಂದು ಕ್ಷಣ ಮತ್ತೆ ತಲೆ ಕೆಟ್ಟಿತೇ ಎಂದು ಹೆದರಿದೆ. ಹಾಗಲ್ಲ. ತಮ್ಮ ಪಾಲಿನದು ಬಿಟ್ಟದ್ದು ಬಿಟ್ಟೇ ಇದೆ, ಇದು ಅವನ ಹಿಸ್ಸಾ, ಅವನ ಪಾಲು, ಚೆಲ್ಲಬಾರದೆಂದು ಉಣ್ಣುವುದು. ನಾನು ಅರ್ಧ ರೊಟ್ಟಿ, ಬೇಳೆ, ಒಂದು ಸೌಟು ಮೊಸರು ಹಾಕಿದೆ. ನೇಮ ಮುರಿಯಿತೋ ಇಲ್ಲವೋ ಎಂದು ಮನೆಯಲ್ಲಿ ಯಾರೂ ವಾದಿಸಲಿಲ್ಲ. ಅಂದಿನಿಂದ ಅದೇ ಪದ್ಧತಿ. ಮೊದಲು ಅವರದು, ಆಮೇಲೆ ಅವನದು. ಅವನ ಪಾಲು ದಿನದಿಂದ ದಿನಕ್ಕೆ ದೊಡ್ಡದಾಗಿದೆ. ಒಗ್ಗರಣೆ ಮತ್ತೆ ಚುಂಯ್ ಎನ್ನುತ್ತದೆ, ಮಾವ ಭಜಿ ತಿನ್ನಲು ಹೋಗುವುದಿಲ್ಲ, ಅಥವಾ ಹೋದರೂ ಮೀಸೆ ಒರೆಸಿಕೊಂಡು ಬರುತ್ತಾರೆ.

ದುಃಖ ಹೋಗಿದೆ ಎಂದು ಬರೆಯುವುದಿಲ್ಲ. ಈಗ ಅತ್ತೆ ದಿನಾಲೂ ಅಳುತ್ತಾರೆ, ಅವನ ವೆಲ್ಡಿಂಗಿನ ಕನ್ನಡಕ ತೆಗೆದು ಒರೆಸಿ ಇಡುತ್ತಾರೆ. ಆದರೆ ಅತ್ತು ಎದ್ದ ಮೇಲೆ ಅಕ್ಕಿ ಆರಿಸುತ್ತಾರೆ, ರಾತ್ರಿ ಮಲಗುತ್ತಾರೆ, ನಾನು ಯಾರೆಂದು ಗೊತ್ತಿರುತ್ತದೆ. ಇರುವೆ ಹರಿಯುವುದು ಪಾದಕ್ಕೆ ಇಳಿದಿದೆ. ಮೊನ್ನೆ ಡಾಕ್ಟರಮ್ಮ ರಕ್ತ ನೋಡಿ, ಏರುತ್ತಿದೆ, ಸೂಜಿ ಇನ್ನು ತಿಂಗಳಿಗೊಂದು ಸಾಕು, ಗುಳಿಗೆ ಮಾತ್ರ ಬಿಡಬೇಡಿ ಎಂದರು. ಹೈದರಾಬಾದಿನ ಚೀಟಿ ಕೇಳಿದೆ. ಸದ್ಯಕ್ಕೆ ಬೇಡ, ಬೇಕಾದರೆ ಕೊಡಲು ನಾನು ಇಲ್ಲೇ ಇದ್ದೇನೆ ಎಂದರು.

ಸ್ನೇಹಲಳನ್ನು ಎಳ್ಳಮವಾಸ್ಯೆಗೆ ಕರೆತಂದೆ. ಮಂಠಾಳದ ಹೊಲಕ್ಕೆ ಎಲ್ಲರೂ ಹೋದೆವು. ಭಜ್ಜಿಗೆ ಹಸಿಕಡಲೆ, ತೊಗರಿ, ಅವರೆ, ಮೆಂತ್ಯೆ ಎಲ್ಲವನ್ನೂ ಅತ್ತೆಯೇ ಬಿಡಿಸಿದರು, ನನಗೆ ಉಪ್ಪು ಹಾಕಲು ಕೂಡ ಬಿಡಲಿಲ್ಲ. ಪ್ರತಿ ವರ್ಷ ಚರಗದ ಬುಟ್ಟಿ ಹೊತ್ತು ಹೊಲದ ಸುತ್ತ ಕೂಗುತ್ತಾ ಓಡುವವನು ಕಿರಣ. ಈ ವರ್ಷ ಮಾವ ಹೊತ್ತರು. ಮೆಲ್ಲಗೆ ನಡೆದು, ಕೂಗದೆ, ನಾಲ್ಕೂ ಮೂಲೆಗೆ ಭಜ್ಜಿ ಚೆಲ್ಲಿ ಬಂದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಉಣ್ಣಲು ಕೂತಾಗ ಸ್ನೇಹಲ್ ನನ್ನ ಹಿಂದೆ ಅಡಗಿದಳು. ಅತ್ತೆ ಸಜ್ಜೆ ರೊಟ್ಟಿ ಮುರಿದು, ಮೇಲೆ ಶೇಂಗಾ ಹಿಂಡಿ ಇಟ್ಟು, ಅದರ ಮೇಲೆ ಬೆಣ್ಣೆ ಒತ್ತಿ ಕೈ ಚಾಚಿದರು. "ತಗೋ ಬಾ, ಕಾಕಾಂದು" ಎಂದರು. ಹುಡುಗಿ ನನ್ನ ಮುಖ ನೋಡಿ, ಹೋಗಿ, ಅಜ್ಜಿಯ ತೊಡೆಯ ಮೇಲೆಯೇ ಕೂತು ತಿಂದಳು. ಈಗ ಅವಳು ಇಲ್ಲೇ ಇದ್ದಾಳೆ, ಸೋಮವಾರದಿಂದ ಇಲ್ಲಿಯ ಶಾಲೆಗೆ ಹೋಗುತ್ತಾಳೆ.

ಆದ್ದರಿಂದ ಅವರನ್ನು ಭರ್ತಿ ಮಾಡುವ ಮಾತು ಸದ್ಯ ಬಿಡಿ. ಸಂಕ್ರಾಂತಿಗೆ ಬನ್ನಿ, ನೋಡಿ, ಆಮೇಲೆ ನಿಮಗೆ ತೋಚಿದಂತೆ ಆಗಲಿ. ಮಾವನ ಆಶೀರ್ವಾದ. ಸ್ನೇಹಲ್ ನಿಮಗಾಗಿ ರೋಲರಿನ ಚಿತ್ರ ಬರೆದಿದ್ದಾಳೆ, ಆನೆಯ ಹಾಗಿದೆ, ಮಡಿಚಿ ಒಳಗೆ ಇಟ್ಟಿದ್ದೇನೆ. ಬಿಸ್ಮಿಲ್ಲಾ ಬೀ ದುವಾ ಹೇಳಿದ್ದಾರೆ.

ಇಂತಿ ನಿಮ್ಮ,
ಪೂನಂ

ವಿ.ಸೂ.: ಪಾಂಡುರಂಗ ಬಂದು ಕೂತಿದ್ದಾನೆ, ಬಸ್ಸಿಗೆ ಹೊತ್ತಾಯಿತು ಎನ್ನುತ್ತಾನೆ. ಪತ್ರ ಮಡಿಚುವಾಗ ನಿಮ್ಮ ಊಟ ಹೇಗೆ ಎಂದು ಕೇಳಿದೆ. ಮೊದಲು ಹಾರಿಸಿದ, ಆಮೇಲೆ ಹೇಳಿದ. ನೀವೂ ಕಿರಣನ ದಿವಸದ ಆ ಸಂಜೆಯಿಂದ ಒಂದೊಂದೇ ಬಿಟ್ಟಿದ್ದೀರಂತೆ. ಕ್ಯಾಂಪಿನ ಪಂಕ್ತಿಗೆ ಕೂಡುವುದಿಲ್ಲ, ಬರೀ ಚಹಾ ಪಾವ್. ಎಲ್ಲರ ಮೇಲೂ ಸಿಟ್ಟು. ಹೋದ ವಾರ ಕಣ್ಣು ಕತ್ತಲೆ ಬಂದು ರೋಲರ್ ರಸ್ತೆಯ ಅಂಚಿಗೆ ಇಳಿದು ವಾಲಿತಂತೆ. ಇದನ್ನು ಬಾಗಿಲ ಹಿಂದಿನಿಂದ ಅತ್ತೆ ಕೇಳಿದರು. ಅಳಲಿಲ್ಲ. ಎದ್ದು ಹೋಗಿ ಡಬ್ಬಿಗೆ ಶೇಂಗಾ ಹಿಂಡಿ ಒತ್ತಿ ತುಂಬಿದರು, ಎಳ್ಳಮವಾಸ್ಯೆಯ ಸಜ್ಜೆ ರೊಟ್ಟಿ ಬಟ್ಟೆಯಲ್ಲಿ ಕಟ್ಟಿದರು, ಪಾಂಡುರಂಗನ ಚೀಲದಲ್ಲಿ ತಾವೇ ಇಟ್ಟರು. ಅಲ್ಲಿಯ ಡಾಕ್ಟರಿಗೆ ರಕ್ತ ತೋರಿಸಿ, ಹಾಲು ಮೊಸರು ಇವತ್ತೇ ಶುರು ಮಾಡಿ, ಅಲ್ಲಿಯ ತನಕ ಮಷಿನ್ ಹತ್ತಬೇಡಿ. ಇದು ನನ್ನ ಮಾತು. ಅತ್ತೆ ಹೇಳಿದ್ದು ಹೇಳಿದ ಹಾಗೆಯೇ, ನಿಮ್ಮ ಹೆಸರೂ ಸೇರಿಸಿ ಬರೆಯುತ್ತೇನೆ: "ಅವನ ಹಿಸ್ಸಾ ನಾ ಒಬ್ಬಾಕಿ ಹ್ಯಾಂಗ ತಿಂದು ಮುಗಸ್ಲಿ? ಶಂಕರಲಿಂಗಗ ಹೇಳು, ಅರ್ಧ ಅವಂದು."